ಅವ್ವ ಇದ್ದ ಖಾಲಿ ಜಾಗ

ಅಳತೆ ಟೇಪು ಹಿಡಿದುಕೊಂಡು ತಾಯಿಯ ಸಮಾಧಿ ಹುಡುಕುವವರನ್ನು ನೀವು ನೋಡಿದ್ದೀರಾ? ಹೋದ ತಿಂಗಳು ಒಂದು ಭಾನುವಾರ ನಾನು ನೋಡಿದೆ.

ನನ್ನ ಅಣ್ಣನ ಮಗಳು ರೂಪಾ. ಆರ್ಕಿಟೆಕ್ಚರ್ ಮುಗಿಸಿ ಈ ವರ್ಷ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್‌ನಲ್ಲಿ ಮಾಸ್ಟರ್ಸ್‌ಗೆ ಸೇರಿದ್ದಾಳೆ. (ಕಟ್ಟಡದ ಹೊರಗಿನ ನೆಲ, ನೀರು, ಮರಗಳನ್ನು ರೂಪಿಸುವ ಓದು. "ಮಾಲಿ ಆಗಾಕ ಇಷ್ಟು ಓದಬೇಕೇನ್ರಿ?" ಎಂದು ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಕೇಳಿದ್ದರು. ನಕ್ಕಿದ್ದೆವು.) ನಮ್ಮ ಕೇರಿಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇಲ್ಲ.

ಸೇರಿದ ಮೊದಲ ವಾರವೇ ಅಸೈನ್‌ಮೆಂಟ್. ನಿಮ್ಮೂರಿನ ಒಂದು ಬಯಲನ್ನು ಅಳೆದು ನಕ್ಷೆ ಮಾಡಿಕೊಂಡು ಬನ್ನಿ. ಉಳಿದವರು ಕೆರೆಯಂಗಳ, ಆಟದ ಮೈದಾನ ಆರಿಸಿಕೊಂಡರಂತೆ. ಇವಳು ಆರಿಸಿದ್ದು ಹೊಸಹಳ್ಳಿ ರಸ್ತೆಯ ಪಕ್ಕದ ಮಸಣ. ನಮ್ಮ ಕೇರಿಯವರನ್ನು ಹೂಳುವ ಜಾಗ. ಮೂರು ವರ್ಷದ ಹಿಂದೆ ಅವಳ ತಾಯಿಯನ್ನು, ನನ್ನ ಅತ್ತಿಗೆ ಗಂಗಮ್ಮನನ್ನು, ಹೂತದ್ದೂ ಅಲ್ಲೇ.

"ಅಲ್ಲೇನೈತಿ ಅಂತ ಅಳೀತಿ? ಬರೇ ಜಾಲಿ ಕಂಟಿ" ಅಂದೆ.

"ನೆಳ್ಳು ಇಲ್ಲ ಅತ್ತಿ. ಬಂದೋರು ಕುಂತು ಅಳಾಕ ಜಾಗ ಇಲ್ಲ. ನಾಕು ಹೊಂಗಿ ಗಿಡ, ಒಂದು ಕಟ್ಟಿ, ಕುಡಿಯಾಕ ನೀರು. ಅವ್ವನ್ನ ಮಣ್ಣು ಮಾಡಿದ ದಿನಾನ ಅನ್ಕಂಡಿದ್ದೆ."

ಈ ಓದಿಗೆ ಅವಳು ಸೇರಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು.

ಹೋದೆವು. ಜಾಲಿ ಇರಲಿಲ್ಲ. ಮಣ್ಣಿನ ಗುಡ್ಡೆಗಳಿರಲಿಲ್ಲ. ತಲೆದೆಸೆಗೆ ನೆಟ್ಟಿದ್ದ ಕಲ್ಲುಗಳೂ ಇರಲಿಲ್ಲ. ಕೆಂಪು ನೆಲ ಅಂಗೈಯಂತೆ ಸಪಾಟು. ಅಂಚಿನಲ್ಲಿ ಒಂದು ಬುಲ್ಡೋಜರ್.

"ಯಾರ್ನ ಕೇಳಿ ಮಾಡಿದ್ರಿ?" ಎಂದೆ.

ಗುತ್ತಿಗೆದಾರನ ಕಡೆಯವನು ದನಿ ತಗ್ಗಿಸಿಯೇ ಹೇಳಿದ. "ನಕ್ಷ್ಯಾಗ ಖಾಲಿ ಜಾಗ ಅಂತ ಐತ್ರಿ ಅಕ್ಕಾರ. ಲೇಔಟ್ ಆಗತೈತಿ. ಬರೇ ಕಲ್ಲು, ಕಂಟಿ ಅನ್ಕಂಡ್ವಿ."

ರೂಪಾ ಅವನತ್ತ ತಿರುಗಲೂ ಇಲ್ಲ. ಟೇಪಿನ ತುದಿ ಹಿಡಿದುಕೊಂಡು, "ಅತ್ತಿ, ಅವ್ವ ಯಾ ಕಡಿ ಅದಾಳ?" ಎಂದಳು.

ನಾನು ರಸ್ತೆ ನೋಡಿದೆ. ಕರೆಂಟ್ ಕಂಬ ನೋಡಿದೆ. ಈ ಕಡೆ ಅಂದೆ. ಅಲ್ಲ, ಆ ಕಡೆ. ಒಂದು ಬೇವಿನ ಗಿಡ ಇತ್ತಲ್ಲ, ಅದರ ಬಲಕ್ಕೆ. ಗಿಡ ಎಲ್ಲಿ?

ಅಣ್ಣನನ್ನು ಕರೆಸಿದೆವು. ಹೆಂಡತಿಯ ಗುಂಡಿಗೆ ತನ್ನ ಕೈಯಾರೆ ಮಣ್ಣು ಹಾಕಿದವನು. ಒಂದು ಸುತ್ತು ನಡೆದ. ಅವನಿಗೂ ಗೊತ್ತಾಗಲಿಲ್ಲ.

"ಚಪ್ಪಲಿ ಬಿಡ್ರವಾ" ಅಂದ. "ಎಲ್ಲಿ ತುಳೀತೀವೋ ಏನೋ."

ಮೂವರೂ ಬರಿಗಾಲಲ್ಲಿ ನಿಂತೆವು. ಟೇಪು ಬಿಚ್ಚಲೇ ಇಲ್ಲ.

ಮರುದಿನ ತಾಲ್ಲೂಕು ಕಚೇರಿಗೆ ಹೋದರೆ, "ಮಸಣ ಅನ್ನೋದಕ್ಕೆ ದಾಖಲೆ ಇದೆಯಾ?" ಅಂದರು. ತಾತಂದಿರ ಕಾಲದಿಂದ ಹೂಳುತ್ತಿದ್ದೇವೆ. (ಹೆಣ ಹೊತ್ತುಕೊಂಡು ಹೊರಟವರು ದಾಖಲೆ ಮಾಡಿಸಿಕೊಂಡು ಹೋಗುತ್ತಾರಾ?) ಅರ್ಜಿ ಕೊಟ್ಟು ಬಂದೆವು. ಕೆಲಸ ಇವತ್ತಿಗೂ ನಿಂತಿಲ್ಲ.

ರೂಪಾ ಕಾಲೇಜಿಗೆ ಮರಳಿದಳು. ಬಯಲನ್ನು ಕಣ್ಣಳತೆಯಲ್ಲೇ, ಕಂಡ ಹಾಗೆ ಸಪಾಟಾಗಿ ಬರೆದು ಒಪ್ಪಿಸಿದಳಂತೆ. "ಒಳ್ಳೆ ಸೈಟು, ಏನೂ ಅಡ್ಡಿ ಇಲ್ಲ" ಅಂದರಂತೆ ಮೇಷ್ಟ್ರು. ಪಾಪ, ಅವರಿಗೇನು ಗೊತ್ತು?

ಮೊನ್ನೆ ಫೋನ್ ಮಾಡಿದ್ದಳು.

"ಅತ್ತಿ, ಹೊಸ ಪಾಠ ಸುರು ಆಗೈತಿ. ದಿಬ್ಬ ಕಡಿದು, ತಗ್ಗು ತುಂಬಿ, ನೆಲ ಸಮ ಮಾಡೋದು. ಗ್ರೇಡಿಂಗ್ ಅಂತಾರ. ಅದಕ್ಕ ಪರೀಕ್ಷಿನೂ ಐತಿ. ಪುಸ್ತಕ ತೆಗದ್ರ ಆ ಬುಲ್ಡೋಜರ್ ಕಾಣತೈತಿ. ಬಿಟ್ಟು ಬಂದುಬಿಡ್ಲೇನು?"

"ಬ್ಯಾಡವಾ, ಕಲಿ" ಅಂದೆ.

ಮತ್ತೇನು ಹೇಳಲಿ? ನೆಲ ಸಮ ಮಾಡುವ ವಿದ್ಯೆಯನ್ನು, ನೆಲದಡಿ ತಮ್ಮವರು ಯಾರೂ ಇಲ್ಲದವರ ಕೈಗೇ ಬಿಟ್ಟುಬಿಡಬೇಕಾ?