ಹಳದಿ ಚುಕ್ಕೆಯ ದುಂಬಿ

ಪ್ರತಿ ವರ್ಷ ಯುಗಾದಿಗೆ ಮುಂಚೆ ನಾನು ಅಟ್ಟ ಖಾಲಿ ಮಾಡುತ್ತೇನೆ. ಸಾಮಾನನ್ನೆಲ್ಲ ಕೆಳಗಿಳಿಸಿ ಎರಡು ಸಾಲು ಮಾಡುವುದು: ಇಟ್ಟುಕೊಳ್ಳುವುದು, ಎಸೆಯುವುದು. ಈ ಸಲ, ಇಷ್ಟು ವರ್ಷ ಬಿಚ್ಚದೇ ಇಟ್ಟಿದ್ದ ಟ್ರಂಕಿನ ತಳದಲ್ಲಿ ಒಂದು ಪುಟ್ಟ ಡಬ್ಬಿ ಸಿಕ್ಕಿತು. ಮುಚ್ಚಳ ಅಂಟಿಹೋಗಿತ್ತು, ಸ್ಕ್ರೂಡ್ರೈವರಿನಿಂದ ಮೀಟಿದೆ. ಮೇಲೆ ಗಟ್ಟಿ ಕೆನೆ, ಅದರಡಿ ಹಳದಿ ಬಣ್ಣ, ಥಿನ್ನರಿನ ಆ ಮೂಗು ಸುಡುವ ವಾಸನೆ... ಹಾಗೇ ಮೆಟ್ಟಿಲ ಮೇಲೆ ಕುಳಿತೆ. ನ್ಯಾಯವಾಗಿ ನನಗೆ ಕಾರ್ಖಾನೆಯ ನೆನಪು ಬರಬೇಕಿತ್ತು. ಬಂದದ್ದು ಮಹಡಿಯಲ್ಲಿ ಬಾಡಿಗೆಗಿದ್ದಾಕೆಯ ನೆನಪು.

ನಾನು ಪೀಣ್ಯದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮ ಮೇಜಿನ ಮೇಲೆ ಮೂರು ಡಬ್ಬಿ ಬಣ್ಣ ಇರುತ್ತಿದ್ದವು. ಸರಿಯಿದ್ದ ಬಿಡಿಭಾಗಕ್ಕೆ ಹಸಿರು ಚುಕ್ಕೆ, ಕೆಟ್ಟದ್ದಕ್ಕೆ ಕೆಂಪು, ಇನ್ನೊಮ್ಮೆ ಅಳೆದು ನೋಡಬೇಕಾದ್ದಕ್ಕೆ ಹಳದಿ. ಪಾಳಿ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಹಳದಿ ಚುಕ್ಕೆಯದು ಒಂದೂ ಉಳಿಯಬಾರದು. ಹಸಿರಾಗಬೇಕು, ಇಲ್ಲವೇ ಕೆಂಪಾಗಬೇಕು. ಆ ಅಭ್ಯಾಸ ನನ್ನ ಜೊತೆ ಮನೆಗೂ ಬಂದಿತ್ತು.

ನಾಗಸಂದ್ರದ ನಮ್ಮ ಮನೆಯ ಮಹಡಿಗೆ ಆಕೆ ಬಾಡಿಗೆಗೆ ಬಂದಾಗ ನಲವತ್ತರ ಆಸುಪಾಸು. ಧಾರವಾಡದ ಕಡೆಯವಳು, ಒಬ್ಬಳೇ. ಹುಳುಗಳಿಂದ ತರಕಾರಿ ಬೆಳೆಗಳಿಗೆ ಪರಾಗಸ್ಪರ್ಶ ಹೇಗೆ ಆಗುತ್ತದೆ ಎನ್ನುವುದು ಆಕೆಯ ಸಂಶೋಧನೆ. ಇಲ್ಲಿ ಕಾರ್ಖಾನೆಗಳ ನಡುವೆ ಬಂದು ಯಾವ ಬೆಳೆ ನೋಡುತ್ತಾಳೆ ಎಂದು ನನಗೆ ತಿಳಿಯಲಿಲ್ಲ. ಹಿತ್ತಲಲ್ಲಿ ನಾನು ಹಾಕಿದ್ದ ಬದನೆ ಗಿಡಗಳನ್ನು ಕಂಡು ಮಾತ್ರ ಹಬ್ಬದೂಟಕ್ಕೆ ಕರೆದವರಂತೆ ಹಿಗ್ಗಿದಳು.

ಹಿತ್ತಲಲ್ಲೇ ಬಟ್ಟೆ ಒಣಗಿಸುವ ಬಿದಿರಿನ ಗಳವೊಂದಿತ್ತು. ಅದರ ಕೆಳಗೆ ದಿನಾ ಬೆಳಿಗ್ಗೆ ಒಂದೇ ಜಾಗದಲ್ಲಿ ಮರದ ಹೊಟ್ಟು ಬೀಳುತ್ತಿತ್ತು. ಗುಡಿಸಿದರೆ ಮಾರನೆಯ ದಿನ ಮತ್ತೆ. ತಲೆಯೆತ್ತಿ ನೋಡಿದರೆ ಗಳದಲ್ಲಿ ಡ್ರಿಲ್ ಹಾಕಿದಷ್ಟು ದುಂಡಗಿನ ತೂತು. ಒಳಗಿಂದ ದೊಡ್ಡ ಕರಿ ದುಂಬಿಯೊಂದು ಇಣುಕಿತು. ನಾನು ತೂತು ಮುಚ್ಚಲು ಸಿಮೆಂಟು ಕಲಸಿದೆ.

“ಆಂಟಿ, ಬ್ಯಾಡ್ರಿ, ಬ್ಯಾಡ್ರಿ!” ಮೇಲಿನಿಂದ ಆಕೆ ಚಪ್ಪಲಿಯಿಲ್ಲದೆ ಓಡಿಬಂದಳು. “ಒಳಗ ತತ್ತಿ ಇಟ್ಟಿರತೈತ್ರಿ.”

“ನನ್ನ ಗಳ ತೂತಾಗ್ತಿದೆ ಕಣಮ್ಮ.”

“ಬಾಡಿಗಿ ನಾ ಕೊಡ್ತೀನಿ ತಗೋರಿ, ಅದರದೂ ಸೇರಿಸಿ.”

ಸಿಮೆಂಟು ಬಾಣಲೆಯಲ್ಲೇ ಗಟ್ಟಿಯಾಯಿತು.

ಬದನೆ ಹೂವು ಪರಾಗವನ್ನು ಸುಮ್ಮನೆ ಕೊಡುವುದಿಲ್ಲವಂತೆ. ದುಂಬಿ ಹೂವನ್ನು ಅಪ್ಪಿಕೊಂಡು, ರೆಕ್ಕೆ ಬಡಿಯದೆಯೇ ಮೈಯನ್ನು ಅದುರಿಸಬೇಕು. ಆಗ ಉಪ್ಪಿನ ಡಬ್ಬಿ ಕೊಡವಿದ ಹಾಗೆ ಪರಾಗ ಉದುರುತ್ತದೆ. ಆಕೆ ತೋರಿಸಿದ ಮೇಲೆ ನನಗೂ ಕೇಳಿಸಿತು: ಹಾರುವಾಗ ಒಂದು ಸದ್ದು, ಹೂವಿನ ಮೇಲೆ ಕುಳಿತಾಗ ಗೇರ್ ಬದಲಿಸಿದಂತೆ ಇನ್ನೊಂದು ಸದ್ದು. ಇಷ್ಟು ವರ್ಷ ಬದನೆಕಾಯಿ ಕೊಯ್ದು ಪಲ್ಯ ಮಾಡಿದವಳಿಗೆ ಇದು ಗೊತ್ತೇ ಇರಲಿಲ್ಲ.

ಆದರೆ ಆಕೆಯ ಮೇಲಧಿಕಾರಿ ಇದನ್ನು ಒಪ್ಪಿರಲಿಲ್ಲ. ನಮ್ಮ ಕಾಂಪೌಂಡಿನ ಆಚೆ ತಗಡು ಒತ್ತುವ ಪ್ರೆಸ್ ಇದೆ. ಅದು ಬಡಿದರೆ ನಮ್ಮ ಅಡಿಗೆಮನೆಯ ಲೋಟಗಳೂ ಅದುರುತ್ತವೆ. ಆ ಅದುರಾಟಕ್ಕೇ ಕಾಯಿ ಕಟ್ಟಿರಬಹುದು, ದುಂಬಿ ಇದ್ದರೂ ಎಲ್ಲಿಂದಲೋ ಬಂದು ಹೋಗುವಂಥದ್ದು, ಈ ಜಾಗದಲ್ಲಿ ಅಧ್ಯಯನ ಮಾಡುವಂಥದ್ದು ಏನೂ ಇಲ್ಲ ಎಂದರಂತೆ. ಗಳದಲ್ಲಿ ವಾಸವಿರುವ ದುಂಬಿಯೇ ಬದನೆಗೆ ಬರುತ್ತದೆ ಎಂದು ತೋರಿಸದಿದ್ದರೆ ಆಕೆಯ ಕೆಲಸವನ್ನು ಅಲ್ಲಿಗೇ ನಿಲ್ಲಿಸುವವರಿದ್ದರು.

ಅದಕ್ಕೆ ದುಂಬಿಯ ಬೆನ್ನಿಗೆ ಗುರುತು ಹಾಕಬೇಕಿತ್ತು. ಆಕೆಯ ಉಗುರುಬಣ್ಣ ಒಂದೇ ದಿನಕ್ಕೆ ಉದುರಿಹೋಯಿತು. ಅಟ್ಟದಲ್ಲಿ ನನ್ನ ಕಾರ್ಖಾನೆಯ ಬಣ್ಣ ಇದ್ದದ್ದು ನೆನಪಾಯಿತು. ಹಸಿರೂ ಕೆಂಪೂ ಕಲ್ಲಾಗಿದ್ದವು, ಹಳದಿ ಮಾತ್ರ ಉಳಿದಿತ್ತು. ಪರಾಗವೂ ಹಳದಿಯೇ ಅಲ್ಲವೇ ಎಂದು ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. ಊರಿಗೆ ಹೋಗುವುದಿತ್ತು, ಬೇರೆ ಬಣ್ಣ ಹುಡುಕಲು ಪುರುಸೊತ್ತಿರಲಿಲ್ಲ. ತೂತಿನಿಂದ ಹೊರಬಂದ ದುಂಬಿಯನ್ನು ಸೊಳ್ಳೆಪರದೆಯ ತುಂಡಿನಡಿ ಮೆಲ್ಲಗೆ ಒತ್ತಿ ಹಿಡಿದಳು. ನಾನು ತಂತಿಯ ತುದಿಯಿಂದ ಬೆನ್ನಿಗೆ ಒಂದು ಚುಕ್ಕೆ ಇಟ್ಟೆ.

ಪ್ರೆಸ್ಸಿನ ಹುಡುಗರು ಬೀಡಿ ಸೇದಲು ಬಂದವರು ಗೋಡೆಯ ಮೇಲಿಂದ ನೋಡುತ್ತಿದ್ದರು.

“ಏನ್ ಆಂಟಿ, ದುಂಬಿಗೆ ಬೊಟ್ಟು ಇಡ್ತಿದ್ದೀರಾ? ಗಂಡು ಯಾವೂರು?”

“ನಿಮ್ಮ ಪ್ರೆಸ್ಸಿನಾಂವನ ನೋಡ್ರಪಾ,” ಎಂದಳು ಆಕೆ. “ಸದ್ದು ಭಾಳ ಮಾಡ್ತಾನ, ಕೆಲಸ ಏನ್ ಮಾಡ್ತಾನೋ ಗೊತ್ತಿಲ್ಲ.”

ಅವರು ಬಿದ್ದು ಬಿದ್ದು ನಕ್ಕರು. ಆಕೆಯೂ ನಕ್ಕು, ನಗುವಿನ ನಡುವೆ ಪಕ್ಕೆ ಹಿಡಿದುಕೊಂಡಳು. ನಕ್ಕು ಪಕ್ಕೆ ಹಿಡಿದಿದೆ ಎಂದುಕೊಂಡೆ...

ಊರಿಗೆ ಹೋಗಿ ವಾರದಲ್ಲಿ ಬರುತ್ತೇನೆ, ಅಲ್ಲಿಯವರೆಗೆ ನೀವು ನೋಡಿರಿ ಎಂದು ಹೇಳಿ ಹೋದಳು. ವಾರ ಕಳೆಯಿತು, ಬರಲಿಲ್ಲ. ಫೋನು ಮಾಡಿದರೆ ಆಸ್ಪತ್ರೆಯಲ್ಲಿದ್ದೇನೆ, ಏನೋ ಪರೀಕ್ಷೆಗಳು ಎಂದಳು. ಏನೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ದಿನಾ ಪೂಜೆ ಮುಗಿಸಿ, ಕುರ್ಚಿ ಹಾಕಿಕೊಂಡು ಬದನೆ ಗಿಡದ ಮುಂದೆ ಕೂರುತ್ತಿದ್ದೆ. ದುಂಬಿಗಳು ಬರುತ್ತಿದ್ದವು. ಚುಕ್ಕೆಯದು ಬರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಬಂತು. ಹೂವನ್ನು ಅಪ್ಪಿತು, ಸದ್ದು ಬದಲಾಯಿತು. ಬೆನ್ನ ಮೇಲೆ ಹಳದಿ! ನಾನು ಎದ್ದೆ. ಕನ್ನಡಕ ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ಅದು ಗೋಡೆ ದಾಟಿ ಹೋಗಿತ್ತು. ಆಮೇಲೆ ಗಳದ ಕಡೆ ನೋಡಿದೆ, ಅಲ್ಲಿಗೂ ಬರಲಿಲ್ಲ. ನಾನು ಕಂಡದ್ದು ನಾನೇ ಇಟ್ಟ ಚುಕ್ಕೆಯೋ, ಹೂವಿನಿಂದ ಉದುರಿದ ಪರಾಗವೋ?

ಫೋನು ಮಾಡಿದೆ. ಆಕೆಯ ದನಿ ತುಂಬ ಸಣ್ಣಗಾಗಿತ್ತು.

“ಬಂತೇನ್ರಿ ಆಂಟಿ?”

“ಬಂತು. ಬೆನ್ನ ಮೇಲೆ ಹಳದಿ ಇತ್ತು.”

“ಬಣ್ಣಾನೋ, ಪರಾಗಾನೋ?”

ಹೌದು, ಬಣ್ಣವೇ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. “ಗೊತ್ತಾಗ್ಲಿಲ್ಲ ಕಣಮ್ಮ,” ಎಂದೆ.

“ಛಲೋ ಆತು ಬಿಡ್ರಿ, ಇದ್ದದ್ದು ಇದ್ದಂಗ ಹೇಳಿದ್ರಿ. ನಾಳೆ ಇನ್ನೊಮ್ಮೆ ನೋಡ್ರಿ,” ಎಂದಳು.

ಮಾರನೆಯ ದಿನ ನೋಡಿದೆ. ಅದರ ಮಾರನೆಯ ದಿನವೂ. ಆಮೇಲೆ ಆಕೆಯ ತಮ್ಮ ಸಾಮಾನು ಒಯ್ಯಲು ಬಂದ. ಚಪ್ಪಲಿ ಬಿಡುತ್ತಾ, “ಅಕ್ಕ ಹೋದ್ಲ್ರೀ,” ಎಂದ. ಎಲ್ಲಿಗೆ ಎಂದು ಕೇಳಿದೆ ನಾನು. ಹಾಗೆ ಕೇಳಿದೆನಲ್ಲಾ...

ಅದಾಗಿ ಎಷ್ಟೋ ವರ್ಷವಾಯಿತು. ಅಂದು ನಾನು ಹೇಳಿದ್ದು ಸರಿಯೋ ತಪ್ಪೋ, ಇವತ್ತಿಗೂ ತಿಳಿಯುತ್ತಿಲ್ಲ. ಹೌದು ಎಂದಿದ್ದರೆ ಆಕೆ ಒಂದಿಷ್ಟು ಸಮಾಧಾನದಿಂದ ಹೋಗುತ್ತಿದ್ದಳೇನೋ. ನಂಬದೆ ಒಳಗೇ ನಕ್ಕುಬಿಡುತ್ತಿದ್ದಳೋ ಏನೋ. ಛಲೋ ಆತು ಎಂದದ್ದು ಮನಸಾರೆಯೇ, ನನ್ನ ಸಮಾಧಾನಕ್ಕೆಯೇ? ಕೇಳೋಣವೆಂದರೆ ಆಕೆಯೇ ಇಲ್ಲ.

ಈಗ ಬಟ್ಟೆ ಒಣಗಿಸುವುದು ನೈಲಾನ್ ಹಗ್ಗದ ಮೇಲೆ. ಗಳ ಇನ್ನೂ ಅಲ್ಲೇ ಇದೆ, ತೂತುಗಳು ಹೆಚ್ಚಾಗಿವೆ. ಬದನೆಯನ್ನು ಪ್ರತಿ ವರ್ಷ ಹಾಕುತ್ತೇನೆ. ಆಚೆ ಪ್ರೆಸ್ ಬಡಿಯುತ್ತದೆ, ಈಚೆ ದುಂಬಿ ಗುಂಯ್‌ಗುಡುತ್ತದೆ, ಕಾಯಿ ಕಟ್ಟುತ್ತದೆ.

ಅಟ್ಟದ ಸಾಮಾನೆಲ್ಲ ಸಂಜೆಯೊಳಗೆ ಒಂದು ಸಾಲಿಗೋ ಇನ್ನೊಂದಕ್ಕೋ ಸೇರಿತು. ಹಳದಿ ಡಬ್ಬಿಯನ್ನು ಮಾತ್ರ ಎರಡು ಸಾಲಿನ ನಡುವೆ ಇಟ್ಟಿದ್ದೇನೆ. ದಿನಾ ಅದರ ಸುತ್ತ ಗುಡಿಸುತ್ತೇನೆ.