ಕುಸುಮಾವತಿಯವರ ಬಿಂಬುಳಿ

ಉಳ್ಳೂರಿನ ನಮ್ಮ ಬೀದಿಯಲ್ಲಿ ಅಂಗಡಿಯ ಸೊಪ್ಪು ತಂದರೆ ಕುಸುಮಾವತಿಯವರ ಗೇಟು ದಾಟುವಾಗ ಚೀಲ ಮುಚ್ಚಿಕೊಳ್ಳುತ್ತಿದ್ದೆವು. ಕಂಡರೆ ಮುಗಿಯಿತು, ಲಾರಿಯಲ್ಲಿ ಬರುವ ತರಕಾರಿಗೆ ಹೊಡೆಯುವ ಮದ್ದಿನ ಕಥೆ ಶುರು. ಅವರು ಕಾಸರಗೋಡಿನವರು, ಪಕ್ಕದ ಪಟ್ಟಂನ ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಈ ಮಲಯಾಳಂ ಊರಿಗೆ ಬಂದ ನನಗೆ ಕನ್ನಡ ಮಾತಾಡಲು ಇದ್ದದ್ದು ಅವರ ಮನೆಯೊಂದೇ. ಟೆರೇಸ್ ತುಂಬ ಮಣ್ಣು ತುಂಬಿದ ಗ್ರೋಬ್ಯಾಗ್‌ಗಳಲ್ಲಿ ಬಸಳೆ, ಬೆಂಡೆ, ಅಲಸಂಡೆ. ಸೆಗಣಿ, ಬೇವಿನ ಹಿಂಡಿ ಬಿಟ್ಟರೆ ಆ ಮಣ್ಣು ಬೇರೇನೂ ಕಂಡಿರಲಿಲ್ಲ. ಅವರಿಗೆ ಜಂಬವೂ ಸ್ವಲ್ಪ ಇತ್ತು. ಇರಲಿ, ದುಡಿದವರಿಗೆ ಇರಬೇಕಾದದ್ದೇ.

ಅಂಗಳದ ಮೂಲೆಯ ಬಿಂಬುಳಿ ಮರ ಮಾತ್ರ ಯಾರ ಆರೈಕೆಯೂ ಇಲ್ಲದೆ ಕಾಂಡದ ತುಂಬ ಹುಳಿ ಕಾಯಿ ಬಿಡುತ್ತಿತ್ತು. ಅಕ್ಕಪಕ್ಕದವರು ಮೀನಿನ ಸಾರಿಗೆ ಒಯ್ಯುತ್ತಿದ್ದರು. ಕಳೆದ ವರ್ಷ ಗಂಡ ನಿತ್ಯಾನಂದರಿಗೆ ಕೊಲೆಸ್ಟ್ರಾಲ್ ಹೆಚ್ಚಾದಾಗ, ಬಿಂಬುಳಿ ರಸ ಕುಡಿದರೆ ಇಳಿಯುತ್ತದೆ ಎಂದು ಯಾರೋ ಹೇಳಿದರು. ಈ ಊರಲ್ಲಿ ಬಹಳ ಜನ ನಂಬುವ ಮಾತು ಅದು. ಡಾಕ್ಟರು ಬರೆದುಕೊಟ್ಟ ಮಾತ್ರೆಯೂ ಕೆಮಿಕಲ್ಲೇ ಎಂಬುದು ಕುಸುಮಾವತಿಯವರ ವಾದ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಲೋಟ ತುಂಬ ರಸ ಹಿಂಡಿ ಕೊಟ್ಟರು. ನಿತ್ಯಾನಂದರು ಮರುಮಾತಿಲ್ಲದೆ ಕುಡಿದರು.

ಕೆಲವೇ ದಿನಗಳಲ್ಲಿ ಅವರ ಕಾಲು ಬಾತಿತು, ಮೂತ್ರ ಕಟ್ಟಿತು. ಏನೇನು ಕುಡಿಯುತ್ತಿದ್ದರು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, ನಮ್ಮ ಮನೆಯದೇ ಬಿಂಬುಳಿ ರಸ ಎಂದು ಕುಸುಮಾವತಿಯವರು ಹೆಮ್ಮೆಯಿಂದಲೇ ಹೇಳಿದರು. ಆ ಹುಳಿ ಕಿಡ್ನಿಯಲ್ಲಿ ಹರಳಾಗಿ ಕೂತು ಅದನ್ನು ಕೆಡಿಸುತ್ತದೆ, ಹೀಗೆ ರಸ ಕುಡಿದು ಬಂದವರನ್ನು ಹಿಂದೆಯೂ ನೋಡಿದ್ದೇನೆ ಎಂದರು ಡಾಕ್ಟರು. ಜೊತೆಗೆ ಹೋಗಿದ್ದ ನನಗೆ ಕುಸುಮಾವತಿಯವರ ಮುಖ ನೋಡುವ ಧೈರ್ಯವಾಗಲಿಲ್ಲ. ಅತಿಯಾದರೆ ಅಮೃತವೂ ವಿಷ ಎಂದು ಬೀದಿಯಲ್ಲಿ ಒಬ್ಬರು ಅಂದರು. ಅಂದವರ ಬಾಯಿಗೆ ಮಣ್ಣು ಹಾಕಬೇಕೆನಿಸಿತು.

ಕೆಲವರಿಗೆ ಡಯಾಲಿಸಿಸ್ ಮಾಡಿಸಿದ ಮೇಲೆ ಕಿಡ್ನಿ ಸುಧಾರಿಸುತ್ತದಂತೆ. ನಿತ್ಯಾನಂದರಿಗೆ ಸುಧಾರಿಸಲಿಲ್ಲ. ಒಂದು ದಿನ ಅವರ ಹಾಸಿಗೆಯ ಪಕ್ಕ ಕೂತು ಕುಸುಮಾವತಿಯವರು ಕೇಳಿಯೇಬಿಟ್ಟರು.

"ಅಷ್ಟು ಹುಳಿ ಇತ್ತಲ್ಲ, ಬೇಡ ಅಂತ ಒಂದು ದಿವಸ ಆದ್ರೂ ಹೇಳ್ಬಹುದಿತ್ತಲ್ಲ ನಿಮಗೆ?"

"ನೀನು ಅಷ್ಟು ಪ್ರೀತಿಯಲ್ಲಿ ತಂದು ಕೊಡುವಾಗ ಬೇಡ ಅಂತ ಹೇಳುವುದು ಹೇಗೆ ಮಾರಾಯ್ತಿ?"

ಒಮ್ಮೆ ಬೈದುಬಿಟ್ಟಿದ್ದರೆ ಆಕೆ ಅತ್ತು ಹಗುರಾಗುತ್ತಿದ್ದರೋ ಏನೋ. ನಿತ್ಯಾನಂದರು ಬೈಯಲಿಲ್ಲ. ಓಣಂ ಕಳೆದು ತೀರಿಕೊಳ್ಳುವವರೆಗೂ, ಹೆಂಡತಿ ತುಟಿಗೆ ಹಿಡಿದ ಚಮಚವನ್ನು ಒಮ್ಮೆಯೂ ಬೇಡವೆನ್ನಲಿಲ್ಲ.