ನೋಲಾಳ ಮೂಗು

ಡರ್ವೆಂಟ್ ನದಿ ದಂಡೆಯ ನಮ್ಮ ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ತೊಳೆಯುವುದು ನನ್ನ ಕೆಲಸ. ಶನಿವಾರ ನೋಡಲು ಬರುವವರನ್ನು ಸುತ್ತಾಡಿಸುವುದು ನೋಲಾ ರೇನ್‌ಬರ್ಡ್‌ಳದು. ಅವಳಿಗೆ ಎಪ್ಪತ್ತೊಂದು. ಸೆಕೆಯಿರಲಿ ಚಳಿಯಿರಲಿ, ಮೈಮೇಲೆ ಗಂಡ ಕ್ಲೈವನ ಉಣ್ಣೆ ಕೋಟು. ಕ್ಲೈವ್, ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ ಹೂವು ಒಣಗಿಸುವ ಗೂಡಿನಲ್ಲಿ ಜೀವ ತೇದವನು. ಅವನು ಹೋಗಿ ಒಂಬತ್ತು ವರ್ಷವಾದರೂ ಕೋಟು ಮಾತ್ರ ನೀರು ಕಂಡಿರಲಿಲ್ಲ.

"ಅದನ್ನ ಒಗೀಬಾರದೇನಮ್ಮಾ? ಇಲಿ ಮರಿ ಹಾಕೀತು," ಎಂದು ನಾನು ರೇಗಿಸಿದರೆ, "ಮೊದಲು ನಿನ್ನ ಬಾಯಿ ತೊಳ್ಕೋ," ಎನ್ನುತ್ತಿದ್ದಳು.

ತೊಟ್ಟಿ ತೋರಿಸಿ, ಕೊಳವೆ ತೋರಿಸಿ ಭಾಷಣ ಬಿಗಿಯುವವರನ್ನು ಕಂಡರೆ ನನಗಾಗದು. ನೋಲಾ ಹಾಗಲ್ಲ. ಬಂದವರ ಅಂಗೈಗೆ ಒಂದೊಂದು ಹಿಡಿ ಹಾಪ್ ಹೂವು ಸುರಿದು, "ಉಜ್ಜಿ, ಮೂಸಿ, ಬಂದ ವಾಸನೆ ಹೇಳಿ. ನನ್ನ ಮೆಚ್ಸೋಕೆ ಸುಳ್ಳು ಹೇಳ್ಬೇಡಿ," ಎನ್ನುವಳು. ಒಬ್ಬರಿಗೆ ನಿಂಬೆ ಸಿಪ್ಪೆ, ಇನ್ನೊಬ್ಬರಿಗೆ ಆಗ ಕೊಯ್ದ ಹುಲ್ಲು. ಮೊದಲೆಲ್ಲ ಇಂಥ ವಾಸನೆ ಅಂತ ಅವಳೇ ಹೇಳುತ್ತಿದ್ದಳು. ಮೂರು ವರ್ಷದಿಂದ ಬರೀ ಕೇಳುತ್ತಿದ್ದಳು. ವಯಸ್ಸು ಮೆತ್ತಗೆ ಮಾಡಿದೆ ಅಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ.

ಪ್ರತಿ ವರ್ಷ ಮಾರ್ಚಿನಲ್ಲಿ ಒಮ್ಮೆ, ಆಗಷ್ಟೇ ಕಿತ್ತ ಹೂವನ್ನು ಒಣಗಿಸದೆ ಹಂಡೆಗೆ ಹಾಕಿ ಬಿಯರ್ ಕಾಯಿಸುತ್ತೇವೆ. ಇಡೀ ಕಣಿವೆಯ ಜನ ಅದಕ್ಕಾಗಿ ಕಾದಿರುತ್ತಾರೆ. ಹೂವು ಹದವಾಗಿದೆ ಎಂದು ನೋಲಾ ಮೂಸಿ ಹೇಳದೆ ಹಂಡೆಗೆ ಏನೂ ಬೀಳುವುದಿಲ್ಲ. ಮೂಗು ನಮಗೂ ಇತ್ತು. ಅವಳದಿರುವಾಗ ನಮ್ಮದಕ್ಕೆ ಯಾರೂ ಕೆಲಸ ಕೊಟ್ಟಿರಲಿಲ್ಲ.

ಆ ವರ್ಷ ಅದನ್ನು ಕಾಯಿಸುವ ಶನಿವಾರ, ನೋಡಲು ಬರುವವರನ್ನು ತರುವ ಲಾನ್ಸೆಸ್ಟನ್ನಿನ ಬಸ್ಸು ತಡವಾಗಿ ಬಂತು. ಹಂಡೆ ಕೊತಕೊತ ಕುದಿಯುತ್ತಿತ್ತು. ಏಣಿ ಮೇಲಿದ್ದ ಮಾಲೀಕ ಕ್ರೇಗ್, "ಬೇಗ ಹೇಳು ನೋಲಾ, ಹೊತ್ತಾಗ್ತಿದೆ!" ಎಂದು ಕೂಗಿದ. ಅವಳು ಒಂದು ಹಿಡಿ ಉಜ್ಜಿ ಮೂಗಿಗಿಟ್ಟುಕೊಂಡು, "ಹಾಕು," ಎಂದಳು. ಆಗಷ್ಟೇ ಒಳಬಂದ ಬಸ್ಸಿನವರಿಗೂ ಅದೇ ಮೂಟೆಯಿಂದ ಹಂಚಿದಳು.

"ಈರುಳ್ಳಿ," ಎಂದಳು ಒಬ್ಬ ಹೆಂಗಸು. ಮೀನಂಗಡಿ ನಡೆಸುವವಳಂತೆ.

"ಮೂವತ್ತು ವರ್ಷ ಮೀನು ಕೊಯ್ದ ಮೂಗು ಕಣೇ ನಿಂದು!" ಎಂದ ಅವಳ ಗಂಡ. ಎಲ್ಲರೂ ನಕ್ಕರು.

"ನಗ್ರಿ, ನಗ್ರಿ. ನಂಗೆ ಬರ್ತಿರೋದು ಈರುಳ್ಳೀನೇ. ಸುಳ್ಳು ಹೇಳ್ಬೇಡಿ ಅಂದ್ರಲ್ಲ ಇವ್ರು!"

ನೋಲಾ ನಗಲಿಲ್ಲ. ಬಳ್ಳಿಯಲ್ಲೇ ಹದ ಮೀರಿ ಬಲಿತ ಹೂವಿಗೆ ಈರುಳ್ಳಿ ವಾಸನೆ ಬರುತ್ತದೆ. ಹಂಡೆಗೆ ಬಿದ್ದರೆ ವರ್ಷದ ಬಿಯರು ಚರಂಡಿ ಪಾಲು. ಅವಳು ಸುಮ್ಮನಿದ್ದಿದ್ದರೆ ವಾರಗಟ್ಟಲೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿದ ಮೇಲೂ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬಹುದಿತ್ತು. ಅಷ್ಟರಲ್ಲಿ ಕ್ರೇಗ್ ಮೂಟೆಯನ್ನು ಹಂಡೆಯ ಬಾಯಿಗೆ ಎತ್ತಿದ್ದ.

"ನಿಲ್ಸೋ!" ಎಂದು ಕಿರುಚಿದಳು. "ನಂಗೆ ವಾಸನೇನೇ ಬರಲ್ಲ ಕಣೋ. ಮೂರು ವರ್ಷ ಆಯ್ತು. ಒಂದು ನೆಗಡಿ ಬಂತು, ಹೋಗ್ತಾ ಅದನ್ನೂ ಹೊತ್ಕೊಂಡು ಹೋಯ್ತು."

"ಮತ್ತೆ ಹೋದ್ವರ್ಷ? ಅದರ ಹಿಂದಿನ್ವರ್ಷ?" ಎಂದ ಕ್ರೇಗ್.

"ಬಂದವರ ಬಾಯಲ್ಲಿ ಕೇಳ್ಕೊಂಡು ನಿಂಗೆ ಹೇಳ್ತಿದ್ದೆ. ಇವತ್ತು ಬಸ್ಸು ತಡ ಆಯ್ತು."

ಕ್ರೇಗ್ ಇಳಿದು ಬಂದು ಮೂಸಿದ. ಆ ಹೂವಿನ ವಂಶವನ್ನೆಲ್ಲ ಬೈದ. ಆಮೇಲೆ ಬಸ್ಸಿನವರೂ ನಾವೂ ಸೇರಿ ಒಂದೊಂದೇ ಮೂಟೆ ಬಿಚ್ಚಿ, ಉಜ್ಜಿ, ಮೂಸಿ, ಹದವಿದ್ದದ್ದನ್ನು ಆರಿಸಿ ಹಂಡೆಗೆ ಸುರಿದೆವು, ಮೀನಂಗಡಿಯವಳದೇ ಯಜಮಾನಿಕೆ. ನೋಲಾ ಮೂಲೆಯಲ್ಲಿ ನಿಂತಿದ್ದಳು, ಕೆಲಸ ಹೋಯಿತೆಂದೇ ಅವಳ ಎಣಿಕೆ.

"ಮುಂದಿನ್ವರ್ಷ ಬಸ್ಸು ಬರೋವರೆಗೆ ಕಾದು, ಆಮೇಲೆ ನಿನ್ನ ಕೇಳ್ತೀನಿ," ಎಂದ ಕ್ರೇಗ್, ಅವಳ ಮುಖ ನೋಡದೆ.

ಜನ ಹೋದ ಮೇಲೆ ಅವಳು ಹೊರಗಿನ ಬೆಂಚಿಗೆ ಬಂದು ನನ್ನ ಪಕ್ಕ ಕೂತಳು. ಕೋಟು ಬಿಚ್ಚಿ ನನ್ನ ತೊಡೆ ಮೇಲೆ ಹಾಕಿದಳು.

"ಮೂಸು."

"ನಾನಾ?"

"ಕ್ಲೈವ್ ಗೂಡಿಂದ ಬಂದ್ರೆ ಇದರ ತುಂಬಾ ಹಾಪ್ ವಾಸನೆ. ಹೋಗ್ಬಿಟ್ಟೀತು ಅಂತಾನೇ ಒಗೀಲಿಲ್ಲ. ಈಗ ಇದ್ಯೋ ಇಲ್ವೋ ನಂಗೊತ್ತಿಲ್ಲ. ಯಾರನ್ನ ಅಂತ ಕೇಳ್ಲಿ? ಮೆಚ್ಸೋಕೆ ಹೇಳ್ಬೇಡ."

ಕಾಲರು ಮೂಸಿದೆ, ತೋಳು ಮೂಸಿದೆ, ಜೇಬನ್ನು ಹೊರಗೆಳೆದು ಮೂಸಿದೆ. ಇದೆ ಎನ್ನುವ ಮಾತು ನಾಲಗೆ ತುದಿಗೆ ಬಂದಿತ್ತು.

"ಒದ್ದೆ ಕುರಿ ವಾಸನೆ. ಸ್ವಲ್ಪ ನಿನ್ನ ನಾಯೀದು. ಹಾಪ್ ಇಲ್ಲ, ನೋಲಾ."

ಅವಳು ಕೋಟನ್ನು ತೆಗೆದುಕೊಂಡು, ತೋಳುಗಳನ್ನು ಒಳಗಿಟ್ಟು ಮಡಚಿದಳು.

"ಹಾಗಾದ್ರೆ ಒಗೀಬಹುದು," ಎಂದಳು.